ಕಣ್ಣಿಗೊತ್ತಿಕೊಳ್ಳುವ ಕೈ

ನಮ್ಮತ್ತೆ ಮಲ್ಲಾಜಮ್ಮನವರು ಕಣ್ಣಿಗೊತ್ತಿಕೊಳ್ಳದ ವಸ್ತು ಈ ಲೋಕದಲ್ಲಿಲ್ಲ. ಮಂಗಳಾರತಿ, ತೀರ್ಥ, ಪ್ರಸಾದದ ಹೂವು, ಇವನ್ನೆಲ್ಲ ಯಾರಾದರೂ ಒತ್ತಿಕೊಳ್ಳುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಇವರು ಹೊಸ ಗ್ಯಾಸ್ ಸಿಲಿಂಡರ್ ಬಂದರೂ ಅದನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಬಸ್ಸು ಹತ್ತುವಾಗ ಮೆಟ್ಟಿಲು ಮುಟ್ಟಿ ಒತ್ತಿಕೊಳ್ಳುತ್ತಾರೆ, ಹಿಂದೆ ನಿಂತವರು ಬೈದರೂ ಸರಿ. ನನ್ನ ಹೊಲಿಗೆ ಮೆಷಿನ್ನಿಗೆ ಅವರ ಕಾಲು ತಾಗಿದರೆ ಒಮ್ಮೆ, ತಾಗಿತೋ ಇಲ್ಲವೋ ಅಂತ ಅನುಮಾನ ಬಂದರೆ ಇನ್ನೊಮ್ಮೆ. ಬೆಳಗ್ಗೆ ಕರಡಿಗೆಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡು ಪೂಜೆಗೆ ಕೂತರೆ ಮುಗಿಯುವಷ್ಟರಲ್ಲಿ ಎಷ್ಟು ಸಲ ಕಣ್ಣಿಗೆ ಕೈ ಹೋಗುತ್ತಿತ್ತೋ ಆ ಶಿವನಿಗೇ ಗೊತ್ತು.

ಅಂಥವರ ಬಲಗಣ್ಣಿನ ಮೇಲಿನ ರೆಪ್ಪೆಯಲ್ಲೇ ಗಡ್ಡೆ ಆಗಬೇಕೆ.

ಮೊದಲು ಅಕ್ಕಿಕಾಳಿನಷ್ಟು ಗುಳ್ಳೆ. ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಕಣ್ಣಿನ ವಿಷಯಕ್ಕೆ ಡಾಕ್ಟರಲ್ಲದವರು ಯಾರೂ ಇಲ್ಲ. ಎದುರುಮನೆ ಬಸವಮ್ಮ ಬಂದು, "ಉಷ್ಣ ಕಣವ್ವ, ನಂದಿಬಟ್ಲು ಹೂ ಇಟ್ಟು ಕಟ್ಟು" ಅಂದರು. ಭೀಮನಬೀಡಿನಿಂದ ಬಂದಿದ್ದ ಅತ್ತೆಯ ತಮ್ಮ, "ಚಿನ್ನದುಂಗ್ರ ಉಜ್ಜಿ ಬಿಸಿ ಮಾಡಿ ಒತ್ತು" ಅಂದರು. ಒತ್ತು ಅನ್ನುವ ಒಂದು ಮಾತು ಸಾಕಲ್ಲ ನಮ್ಮತ್ತೆಗೆ, ದಿನವೆಲ್ಲ ಅದೇ ಕೆಲಸ. ಕಣ್ಣಿನ ಕ್ಯಾಂಪಿನಲ್ಲಿ ಕುಯ್ಯಿಸಿದ್ದಾಯಿತು. ಮತ್ತೆ ಬಂತು. ಇನ್ನೊಂದು ಕಡೆ ಕುಯ್ಯಿಸಿದ್ದಾಯಿತು. ಮತ್ತೆ ಅಲ್ಲೇ ಬಂತು, ಈ ಸಲ ಹಳದಿಗೆ ತಿರುಗಿ, ಆ ಜಾಗದ ರೆಪ್ಪೆಗೂದಲನ್ನೆಲ್ಲ ಉದುರಿಸಿಕೊಂಡು. ನನಗೆ ತಲೆ ಕೆಟ್ಟುಹೋಯಿತು. ಮೈಸೂರಿನಿಂದ ವಾರಕ್ಕೊಮ್ಮೆ ಚಾಮರಾಜನಗರಕ್ಕೆ ಬಂದು ರೋಗಿಗಳನ್ನು ನೋಡುವ ಕಣ್ಣಿನ ಡಾಕ್ಟರ್ ಶೃತಿ ಅವರ ಹತ್ತಿರ ಎಳೆದುಕೊಂಡು ಹೋದೆ. ಅವರು ರೆಪ್ಪೆ ಮಗುಚಿ ನೋಡಿದರು. ಆಮೇಲೆ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ರಿಪೋರ್ಟ್ ಬಂದ ದಿನ ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾವು ಮೂವರು ಒಳಗೆ ಹೋದೆವು: ನಾನು, ನನ್ನ ಗಂಡ ಶಿವಶಂಕರ, ಚಾಮರಾಜನಗರಕ್ಕೇ ಕೊಟ್ಟಿರುವ ನನ್ನ ನಾದಿನಿ ಶಿವರಂಜಿನಿ. ರೆಪ್ಪೆಯೊಳಗಿನ ಎಣ್ಣೆ ಗ್ರಂಥಿಯ ಕ್ಯಾನ್ಸರ್ ಅಂದರು ಡಾಕ್ಟರು. ಬೇರೆ ಕಡೆ ಹರಡಿಲ್ಲ, ಬೇಗ ತೆಗೆದರೆ ಜೀವಕ್ಕೂ ಭಯವಿಲ್ಲ, ಕಣ್ಣೂ ಉಳಿಯುತ್ತದೆ ಅಂದರು. ಆ ಕೊನೆಯ ಮಾತು ಅಣ್ಣತಂಗಿಯರ ಕಿವಿಗೆ ಹೋದ ಹಾಗೇ ಕಾಣಲಿಲ್ಲ. ಶಿವರಂಜಿನಿ ಅಲ್ಲೇ ಸೆರಗು ಬಾಯಿಗೆ ತುರುಕಿಕೊಂಡಳು.

"ಅವ್ವಂಗೆ ಹೇಳ್ಬ್ಯಾಡಿ ಕಣಣ್ಣ. ಎದೆ ಒಡ್ಕಬುಡ್ತಳೆ" ಅಂದಳು.

"ಬರೀ ಗುಳ್ಳೆ ಅನ್ನನ. ದೊಡ್ಡ ಗುಳ್ಳೆ, ಅದ್ಕೇ ಆಪ್ರೇಷನ್ನು ಅಂತ" ಅಂದರು ನಮ್ಮವರು.

"ಹೇಳಿದ್ರೆ ಏನಾಯ್ತದೆ? ಅವರ ಕಣ್ಣು, ಅವರಿಗೇ ಗೊತ್ತಿಲ್ದಂಗೆ ಕುಯ್ಯೋದಾ?" ಅಂದೆ ನಾನು. ಗಂಡನ್ನ ಕಳಕೊಂಡು, ಎರಡು ಮಕ್ಕಳನ್ನು ಮಣ್ಣಿಗಿಟ್ಟು, ಹೊಲ ಮನೆ ಎರಡನ್ನೂ ಒಬ್ಬರೇ ನಡೆಸಿದ ಹೆಂಗಸಿಗೆ ಒಂದು ಮಾತಿನಿಂದ ಎದೆ ಒಡೆಯುತ್ತದೆಯೇ?

"ನೀನು ಸುಮ್ನಿರೆ. ಅವಳು ನಮ್ಮವ್ವ" ಅಂದರು ನಮ್ಮವರು. ಹಗಲೂ ರಾತ್ರಿ ನೋಡಿಕೊಳ್ಳುವಾಗ ನನ್ನ ಅತ್ತೆ, ತೀರ್ಮಾನ ಮಾಡುವಾಗ ಅವರ ಅವ್ವ. ನಾನು ಬಾಯಿ ಮುಚ್ಚಿಕೊಂಡೆ. ಸಿಟ್ಟು ಮಾತ್ರ ಹಾಗೇ ಉಳಿಯಿತು.

ಆಪರೇಷನ್ ಹೇಗೆ ಅಂತ ಡಾಕ್ಟರು ಹಾಳೆಯ ಮೇಲೆ ಬರೆದು ತೋರಿಸಿದರು. ಮೇಲಿನ ರೆಪ್ಪೆ ಮುಕ್ಕಾಲು ಪಾಲು ತೆಗೆಯಬೇಕು. ಆ ಖಾಲಿ ಜಾಗಕ್ಕೆ ಕೆಳಗಿನ ರೆಪ್ಪೆಯಿಂದಲೇ ಒಂದು ಪಟ್ಟಿಯಷ್ಟನ್ನು ಮೇಲಕ್ಕೆಳೆದು ಹೊಲಿಯುತ್ತಾರೆ. ಅದು ಕೆಳಗೂ ಅಂಟಿಕೊಂಡೇ ಇರಬೇಕು, ರಕ್ತ ಅಲ್ಲಿಂದಲೇ ಬರಬೇಕು. ಮೇಲೆ ಚೆನ್ನಾಗಿ ಕೂಡಿಕೊಂಡ ಮೇಲೆ ನಡುವೆ ಕತ್ತರಿಸಿ ಕಣ್ಣು ತೆರೆಯುತ್ತಾರೆ. ಅಲ್ಲಿವರೆಗೆ, ಅಂದರೆ ಹೆಚ್ಚುಕಡಿಮೆ ಎರಡು ತಿಂಗಳು, ಕಣ್ಣು ಮುಚ್ಚಿಯೇ ಇರುತ್ತದೆ. ಅಣ್ಣತಂಗಿಯರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮನೆಯಲ್ಲಿ ಬ್ಲೌಸ್ ಹೊಲಿಯುವ ನನಗೆ ತಕ್ಷಣ ಅರ್ಥವಾಯಿತು. ಸೀರೆಯಿಂದ ಸೆರಗು ಕತ್ತರಿಸದೆ ಹಾಗೇ ಎತ್ತಿ ಹರಿದ ರವಿಕೆಗೆ ತೇಪೆ ಹಾಕಿ, ಆಮೇಲೆ ಸೆರಗು ಬಿಡಿಸಿದ ಹಾಗೆ.

"ಅಲ್ಲಿವರೆಗೆ ಒತ್ತಬಾರದು, ಉಜ್ಜಬಾರದು, ನೀರು ಬೀಳಬಾರದು" ಅಂದರು ಡಾಕ್ಟರು. "ಹೊಲಿಗೆ ಕಿತ್ತುಬಂದ್ರೆ ರೆಪ್ಪೆ ಹೋಯ್ತು. ರೆಪ್ಪೆ ಹೋದ್ರೆ ಒಳಗಿನ ಕಣ್ಣು ಒಣಗಿ ಅದೂ ಹೋಗುತ್ತೆ. ಅಷ್ಟು ನೆನಪಿಟ್ಕೊಳಿ ಸಾಕು."

ಒತ್ತಬಾರದು. ನನಗೆ ಅಲ್ಲೇ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಪರೇಷನ್ ಮೈಸೂರಿನಲ್ಲಿ ಆಯಿತು, ಚೆನ್ನಾಗಿಯೇ ಆಯಿತು. ವಾರ್ಡಿನಲ್ಲಿ ಪಕ್ಕದ ಮಂಚಕ್ಕೆ ತೆರಕಣಾಂಬಿ ಕಡೆಯ ಒಬ್ಬ ಅಜ್ಜಿ ಇದ್ದರು. ಅವರಿಗೆ ಕಾಯಿಲೆ ಒಳಗೆ ಇಳಿದಿತ್ತು, ಕಣ್ಣನ್ನೇ ತೆಗೆದಿದ್ದರು. ಮಕ್ಕಳು ಅಜ್ಜಿಗೆ ಹೇಳಿರಲಿಲ್ಲ. ಅಜ್ಜಿ ಬಂದವರಿಗೆಲ್ಲ, "ಪಟ್ಟಿ ಬಿಚ್ಚುದ್ರೆ ಕಾಣ್ತದಂತೆ ಕಣವ್ವ" ಅಂತ ಸಂತೋಷದಿಂದ ಹೇಳುವುದು, ಮಕ್ಕಳು, "ಊ ಕಣವ್ವ" ಅಂತ ನಗುವುದು. ನಮ್ಮತ್ತೆ ಆ ಅಜ್ಜಿಯ ಜತೆ ತುಂಬ ಹೊಂದಿಕೊಂಡಿದ್ದರು. ನರ್ಸು ಅಜ್ಜಿಯ ಡ್ರೆಸ್ಸಿಂಗ್ ಬದಲಿಸುವಾಗ ಅತ್ತೆ ಪರದೆ ಸಂದಿಯಿಂದ ನೋಡಿ ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ನಾನೂ ಕಂಡೆ. ಮನಸ್ಸಿಗೆ ಬೇಜಾರಾಗಿರಬೇಕು ಅಂದುಕೊಂಡೆ.

ಗುಂಡ್ಲುಪೇಟೆಗೆ ಬಂದ ಮೇಲೆ ಶುರುವಾಯಿತು ನನ್ನ ಪಾಡು.

ಬೆಳಗ್ಗೆ ಎದ್ದೊಡನೆ ಎರಡೂ ಅಂಗೈ ಉಜ್ಜಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ. "ಅತ್ತೆ, ಕೈ" ಅನ್ನಬೇಕು. ಪೂಜೆ ಮುಗಿದೊಡನೆ ವಿಭೂತಿ ಹಣೆಗೆ, ಅದೇ ಬೆರಳು ರೆಪ್ಪೆಗೆ. "ಅತ್ತೆ, ಕೈ." ಟಿವಿಯಲ್ಲಿ ಯಾವುದೋ ದೇವರ ತೇರು ತೋರಿಸಿದರೆ ಕೂತಲ್ಲಿಂದಲೇ ಕೈ ಮುಗಿದು ಕಣ್ಣಿಗೆ. ಜಾಹೀರಾತಿನಲ್ಲಿ ದೇವರು ಬಂದರೂ ಅಷ್ಟೇ. ನಾನು ಮೆಷಿನ್ ತುಳಿಯುತ್ತಾ ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ಅತ್ತೆಯ ಕೈಯ ಮೇಲೆ ಇಟ್ಟು ಕಾಯಬೇಕು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತಾರಲ್ಲ, ಅದು. ಹೇಳಿ ಹೇಳಿ ನನ್ನ ಗಂಟಲು ಹರಿಯಿತೇ ಹೊರತು ಆ ಕೈಗೆ ಬುದ್ಧಿ ಬರಲಿಲ್ಲ.

"ಅಂಗಾದ್ರೆ ನನ್ ಬದ್ಲು ನೀನೇ ಒತ್ಕ" ಅಂದರು ಒಂದು ದಿನ. "ಬಂದ್ ಪ್ರಸಾದಕ್ಕೆ ಮರ್ವಾದೆ ಕೊಡ್ಬೇಕಲ್ಲವ್ವ."

ಅವತ್ತಿನಿಂದ ನಾನು ಅತ್ತೆಯ ಬದಲಿ. ಬಸವಮ್ಮ ಗೋಪಾಲಸ್ವಾಮಿ ಬೆಟ್ಟದಿಂದ ತುಳಸಿ ತಂದರೆ ನಾನು ಕಣ್ಣಿಗೊತ್ತಿಕೊಳ್ಳಬೇಕು. ಗ್ಯಾಸ್ ಸಿಲಿಂಡರ್ ಬಂದರೆ ನಾನು. ಬ್ಲೌಸ್ ಅಳತೆ ಕೊಡಲು ಬಂದ ಹುಡುಗಿಯರ ಮುಂದೆ ನಾನು ಸಿಲಿಂಡರಿಗೆ ನಮಸ್ಕಾರ ಮಾಡಿದೆ. ಮಾಡದಿದ್ದರೆ ಅತ್ತೆಯ ಕೈ ಮೇಲೇಳುತ್ತದಲ್ಲ, ಏನು ಮಾಡುವುದು.

ಕೊನೆಗೆ ಒಂದು ಉಪಾಯ ಹೂಡಿದೆ. ಬ್ಲೌಸಿನ ಬೆನ್ನಿನ ದಾರಕ್ಕೆ ಕಟ್ಟಲು ಪುಟ್ಟ ಗೆಜ್ಜೆಗಳನ್ನು ತಂದಿಟ್ಟಿರುತ್ತೇನೆ. ಅದರಲ್ಲಿ ನಾಲ್ಕಾರನ್ನು ಅತ್ತೆಯ ರವಿಕೆಗಳ ಬಲದೋಳಿನ ಅಂಚಿಗೆ ಹೊಲಿದುಬಿಟ್ಟೆ. ಕೈ ಮೇಲೆದ್ದರೆ ಝಲ್ ಅನ್ನಬೇಕು, ನಾನು ಎಲ್ಲಿದ್ದರೂ ಕೂಗಬೇಕು. ಅತ್ತೆ ತೋಳನ್ನು ಅಲ್ಲಾಡಿಸಿ ನೋಡಿ, "ಎಳೆಗರೀಗೆ ಕಟ್ದಂಗೆ ಕಟ್ಟಿದ್ದೀಯಲ್ಲೆ" ಅಂತ ನಕ್ಕರು.

"ಕರು ಹೇಳಿದ ಮಾತು ಕೇಳ್ತದೆ ಅತ್ತೆ" ಅಂದೆ.

ನಾನು ಹೀಗೆ ದಿನವೆಲ್ಲ ಕೂಗಾಡುತ್ತಿದ್ದರೆ ಉಳಿದವರದು ಬೇರೆಯೇ ಸಂಭ್ರಮ. ಅವರೆಲ್ಲ ಸಕ್ಕರೆಯಾಗಿಬಿಟ್ಟಿದ್ದರು. ಶಿವರಂಜಿನಿ ಭಾನುವಾರ ಬಂದರೆ ಬಾಗಿಲಲ್ಲೇ ನಗು ಶುರು. "ಏನವ್ವ, ಎಷ್ಟ್ ಚೆನ್ನಾಗಾಗಿದ್ದೀಯ, ಏನೂ ಇಲ್ಲ ಕಣವ್ವ, ಬರೀ ಗುಳ್ಳೆ" ಅಂತ ಎಳೆಮಗುವಿನ ಜತೆ ಮಾತಾಡುವ ಹಾಗೆ ರಾಗ. ಹೋಗುವಾಗ ನನ್ನನ್ನು ಮೂಲೆಗೆ ಕರೆದು, "ಅವ್ವನ್ನ ಬೈಬ್ಯಾಡಿ ಅತ್ತಿಗೆ, ಕಣ್ರೆಪ್ಪೆ ಹಂಗೆ ನೋಡ್ಕಳಿ" ಅಂತ ಉಪದೇಶ. ಹೇಳುವವರಿಗೇನು, ವಾರಕ್ಕೊಂದು ದಿನ ಬಂದು ಹಣ್ಣು ಕೊಟ್ಟು ಹೋಗುತ್ತಾರೆ. ಇನ್ನು ನಮ್ಮವರು. ಬೋರ್‌ವೆಲ್ ಮೋಟರು ರಿಪೇರಿ ಅಂಗಡಿಯಿಂದ ಬಂದರೆ ಅವ್ವನ ಜತೆ ಎರಡು ಮಾತು ಆಡಿದ ಮನುಷ್ಯ ಅಲ್ಲ. ಈಗ ದಿನಾ ಸಂಜೆ ಬೇಕರಿಯಿಂದ ಜಾಮೂನು ತರುವುದು, ಕೈಯಾರೆ ತಿನ್ನಿಸುವುದು, ಪಕ್ಕ ಕೂತು ಸುಮ್ಮನೆ ಹಲ್ಲು ಬಿಡುವುದು. ಬಸವಮ್ಮನಿಗೆ ವಿಷಯ ಗೊತ್ತಿತ್ತು. ಅವರೂ ಬಂದು ಅತ್ತೆಯ ಕೈ ಹಿಡಿದು ಕಾರಣವಿಲ್ಲದೆ ನಗುತ್ತಿದ್ದರು. ಈ ನಗುವಿನ ಜಾತ್ರೆಯಲ್ಲಿ ನಾನೊಬ್ಬಳೇ ಸಿಡುಕಿ.

ಇನ್ನೊಂದು ವಿಷಯ ನನ್ನ ತಲೆ ತಿನ್ನುತ್ತಿತ್ತು. ಪ್ರಸಾದ ಇಲ್ಲ, ಪೂಜೆ ಇಲ್ಲ, ಟಿವಿಯೂ ಹಾಕಿಲ್ಲ, ನಡುಮಧ್ಯಾಹ್ನ ಅತ್ತೆ ಒಬ್ಬರೇ ಒಳಕೋಣೆಯಲ್ಲಿ ಇದ್ದಾಗಲೂ ಗೆಜ್ಜೆ ಝಲ್ ಅನ್ನುತ್ತಿತ್ತು. "ಈಗ ಯಾವ ದೇವ್ರು ಬಂದ ಅತ್ತೆ?" ಅಂತ ಇಲ್ಲಿಂದಲೇ ಕೂಗುತ್ತಿದ್ದೆ. ಸದ್ದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಸಣ್ಣಗೆ ಝಲ್.

ಒಂದು ದಿನ ಸದ್ದೇ ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ. ಅಂತೂ ಬುದ್ಧಿ ಬಂತು ಅಂದುಕೊಂಡು ಒಂದು ತೋಳು ಹೊಲಿದು ಮುಗಿಸಿ, ನೀರು ಕುಡಿಯಲು ಹೋದವಳು ಹಿತ್ತಿಲ ಬಾಗಿಲಿನಿಂದ ಕಂಡೆ. ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಗೆಜ್ಜೆ ಸದ್ದಾಗದ ಹಾಗೆ ಎಡಗೈಯಲ್ಲಿ ಬಲದೋಳಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು, ಬಲಗೈಯ ತೋರುಬೆರಳಿನಿಂದ ಮುಚ್ಚಿದ ರೆಪ್ಪೆಯನ್ನು ಒತ್ತುತ್ತಿದ್ದರು. ಒತ್ತಿ, ಬಿಟ್ಟು, ಸ್ವಲ್ಪ ಪಕ್ಕಕ್ಕೆ ಒತ್ತಿ. ಮಾಗಿದೆಯೋ ಇಲ್ಲವೋ ಅಂತ ಮಾವಿನಹಣ್ಣು ಅಮುಕಿ ನೋಡುತ್ತೇವಲ್ಲ, ಹಾಗೆ. ರೆಪ್ಪೆಯ ಮೂಲೆಯಲ್ಲಿ ರಕ್ತ ಜಿನುಗಿತ್ತು.

ನಾನು ಏನೇನು ಅಂದೆನೋ ನೆನಪಿಲ್ಲ. ಅತ್ತೆ ಅನ್ನುವ ಮರ್ಯಾದೆ ಇಟ್ಟುಕೊಳ್ಳಲಿಲ್ಲ ಅನ್ನುವುದು ನೆನಪಿದೆ. ಕದ್ದು ಒತ್ತಿಕೊಳ್ಳೋ ಅಂಥದ್ದೇನು ಬಂದಿತ್ತು, ಗೆಜ್ಜೆ ಮುಚ್ಚಿಟ್ಟುಕೊಂಡು ನನಗೆ ಮೋಸ ಮಾಡ್ತೀರಾ, ಕಣ್ಣು ಹೋದರೆ ಕಡೆಗೆ ಅನ್ನೋದು ಯಾರನ್ನ, ಸೊಸೆ ನೋಡಿಕೊಳ್ಳಲಿಲ್ಲ ಅಂತ ತಾನೇ ಅಂತೆಲ್ಲ ಕೂಗಿದೆ. ಬಸವಮ್ಮ ಅವರ ಬಾಗಿಲಿಗೆ ಬಂದು ನಿಂತು ನೋಡಿದರು. ಅತ್ತೆ ಒಂದು ಮಾತೂ ಎದುರಾಡಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಪುಣ್ಯಕ್ಕೆ ಅವತ್ತು ಡಾಕ್ಟರು ಚಾಮರಾಜನಗರಕ್ಕೆ ಬರುವ ದಿನ. ನಮ್ಮವರು ಯಾರದೋ ತೋಟದಲ್ಲಿ ಮೋಟರು ಎತ್ತಿಸುತ್ತಿದ್ದರು, ಫೋನು ತೆಗೆಯಲಿಲ್ಲ. ಅತ್ತೆಯ ತೋಳು ಹಿಡಿದುಕೊಂಡು ಬಸ್ಸು ಹತ್ತಿಸಿದೆ. ಮೆಟ್ಟಿಲು ಮುಟ್ಟಲು ಬಗ್ಗಿದರು, ಬಿಡಲಿಲ್ಲ. ತೆರಕಣಾಂಬಿಯಲ್ಲಿ ತರಕಾರಿ ಮೂಟೆಗಳು ಹತ್ತಿ ಬಸ್ಸು ಕಾಲಿಡಲು ಜಾಗವಿಲ್ಲದ ಹಾಗಾಯಿತು. ಯಾರದಾದರೂ ಮೊಣಕೈ ತಾಗೀತು ಅಂತ ನಾನು ಅಡ್ಡ ನಿಂತು ದಾರಿಯುದ್ದಕ್ಕೂ ನೂಕಿಸಿಕೊಂಡೆ. ಒಂದು ಕೋಸಿನ ಚೀಲ ನನ್ನ ಕಾಲ ಮೇಲೇ ಪ್ರಯಾಣ ಮಾಡಿತು.

ಡಾಕ್ಟರು ನೋಡಿದರು. ಮೂಲೆಯ ಒಂದು ಹೊಲಿಗೆ ಸಡಿಲಾಗಿ ಅಂಚು ಚೂರು ಎದ್ದಿತ್ತು. ಬುಡ ಗಟ್ಟಿಯಾಗಿದೆ, ಅದೃಷ್ಟ ಚೆನ್ನಾಗಿದೆ ಅಂದರು. ಅಲ್ಲೇ ಸರಿಮಾಡಿ ಔಷಧಿ ಹಾಕಿ, ಕೈ ತಾಗದ ಹಾಗೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ, ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕೇಳಿದರು. "ಅಮ್ಮ, ಇನ್ನೊಂದು ಸಲ ಹೀಗೆ ಮಾಡಿದ್ರೆ ನನ್ನ ಕೈಲೂ ಆಗಲ್ಲ. ಯಾಕೆ ಒತ್ತಿದ್ರಿ?"

"ಅಭ್ಯಾಸ ಕಣವ್ವ" ಅಂದರು ಅತ್ತೆ. ನಾನು ಹಲ್ಲು ಕಚ್ಚಿಕೊಂಡೆ.

ಹೊರಗೆ ಬಂದ ಮೇಲೆ, ಶಿವರಂಜಿನಿ ಮನೆ ಹತ್ತಿರವೇ ಇದೆ, ಹೋಗಿ ಸ್ವಲ್ಪ ಹೊತ್ತು ಮಲಗಿ ಅಂದೆ. ಅತ್ತೆ ತಲೆ ಅಲ್ಲಾಡಿಸಿದರು. "ಅವಳ್ ಮನೆ ಬ್ಯಾಡ. ಬಾಳ ನಗ್ತಳೆ."

ಬಸ್ ನಿಲ್ದಾಣಕ್ಕೆ ಬಂದು ಸಿಮೆಂಟು ಬೆಂಚಿನ ಮೇಲೆ ಕೂತೆವು. ಸಂಜೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಆಮೇಲೆ ಕೇಳಿದರು.

"ನಾಗಲಕ್ಷ್ಮಿ, ದಿಟ ಹೇಳ್ಬುಡವ್ವ. ಒಳಗಡೆ ಕಣ್ಣು ಅದಾ?"

ನನಗೆ ಅರ್ಥವಾಗಲಿಲ್ಲ. "ಯಾವ ಕಣ್ಣು?"

"ಇದೇ. ಇದ್ರೊಳಗೆ ಗುಡ್ಡೆ ಅದಾ, ಕಿತ್ತಾಕವ್ರಾ?"

ನಾನು ಅವರ ಕಡೆ ತಿರುಗಿ ಕೂತೆ.

"ಆ ತೆರಕಣಾಂಬಿ ಅಜ್ಜಿಗೂ ಅಂಗೇ ತಾನೆ" ಅಂದರು. "ಪಟ್ಟಿ ಬಿಚ್ಚುದ್ರೆ ಕಾಣ್ತದೆ ಅಂತ ಮಕ್ಳು ನಗ್ತಾ ಹೇಳವು. ನಾನೇ ನೋಡಿವ್ನಿ, ಒಳ್ಗೆ ಬರೀ ಗುಣಿ. ಅದ್ಕೇ ಒತ್ತಿ ನೋಡ್ತಿದ್ದಿ. ಒಂದ್ಸಲ ಗಟ್ಟಿ ಸಿಕ್ದಂಗಾಯ್ತದೆ, ಒಂದ್ಸಲ ಮೆತ್ತಗೆ ಹತ್ತಿ ತುಂಬ್ದಂಗೆ. ಏನಂತ ತಿಳ್ಕಳದು? ರಾತ್ರಿ ಈ ಒಳ್ಳೆ ಕಣ್ ಮುಚ್ಕಂಡು ನೋಡ್ತೀನಿ. ಬರೀ ಕತ್ಲೆ."

"ರಾತ್ರಿ ಕತ್ತಲಾಗ್ದೆ ಇನ್ನೇನಾಯ್ತದೆ ಅತ್ತೆ?" ಅಂದೆ. ಸಿಡುಕಿಯೇ ಅಂದೆ. ಇಷ್ಟು ದಿನ ಪ್ರಸಾದಕ್ಕೂ ಸಿಲಿಂಡರಿಗೂ ಕೈ ಎತ್ತುತ್ತಿದ್ದಾರೆ ಅಂತ ಬೈಯುತ್ತಿದ್ದೆನಲ್ಲ, ಅದರಲ್ಲಿ ಎಷ್ಟು ಸಲ ಆ ಕೈ ತನ್ನ ಕಣ್ಣನ್ನು ಹುಡುಕಿಕೊಂಡು ಹೋಗಿತ್ತೋ.

"ಯಾರನ್ನಾದ್ರೂ ಕೇಳ್ಬೌದಿತ್ತಲ್ಲ?"

"ಯಾರ್ನ ಕೇಳನ? ಆ ಕಾಗ್ದ ಬಂದ್ ದಿನ್ದಿಂದ ಎಲ್ರೂ ನಗ್ತಾ ಅವ್ರೆ. ಶಂಕ್ರ ಅವ್ನ ಅಪ್ಪ ಸತ್ತಾಗ್ಲೂ ನನ್ ಪಕ್ಕ ಕುಂತವ್ನಲ್ಲ. ಈಗ ಜಾಮೂನು ತಿನ್ನುಸ್ತನೆ. ಅಂಗೆ ತಿನ್ಸದು ಯಾರ್ಗೆ ಅಂತ ನಂಗೊತ್ತಿಲ್ವಾ? ನೀನೊಬ್ಳೇ ಬೈಯದು. ಸಾಯೋರ್ನ ಯಾರೂ ಬೈಯಕಿಲ್ಲ. ಅದ್ಕೇ ನಿನ್ನ ಕೇಳ್ತಾ ಇವ್ನಿ."

ಗುಂಡ್ಲುಪೇಟೆ ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲು ಬಡಿದು ಕೂಗತೊಡಗಿದ. ನಾನು ಏಳಲಿಲ್ಲ.

"ಕಣ್ಣು ಅದೆ ಅತ್ತೆ. ಕಣ್ಣಿಗೆ ಏನೂ ಆಗಿಲ್ಲ. ರೆಪ್ಪೆ ಮಾತ್ರ ತೆಗ್ದಿದ್ದಾರೆ. ಗುಳ್ಳೆ ಅಲ್ಲ ಅದು, ಕ್ಯಾನ್ಸರ್ರು. ಪೂರ್ತಿ ತೆಗ್ದಾಯ್ತು, ಅಂಚೆಲ್ಲ ಪರೀಕ್ಷೆ ಮಾಡಿ ಏನೂ ಉಳ್ದಿಲ್ಲ ಅಂದವ್ರೆ. ನಿಮ್ಗೆ ಹೇಳ್ಬಾರ್ದು ಅಂತ ನಿಮ್ಮ ಮಗ, ಮಗಳು ಸೇರಿ ಮಾಡಿದ್ದು."

"ಅದ್ ಗೊತ್ತಿತ್ತು" ಅಂದರು ಅತ್ತೆ. "ಕಣ್ಣು?"

ಅಷ್ಟು ದೊಡ್ಡ ಮಾತು ಹೇಳಿದರೂ ಅವರಿಗೆ ಬೇಕಾಗಿದ್ದು ಇದೊಂದೇ. ಬಾಯಿಮಾತಿಗೆ ಇವರು ಬಗ್ಗುವುದಿಲ್ಲ ಅಂತ ನನಗೆ ಗೊತ್ತು. ಬಸ್ಸು ಹೊರಟುಹೋಯಿತು. ಅತ್ತೆಯ ಕಣ್ಣಿಗೆ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಮೆಲ್ಲಗೆ ತೆಗೆದೆ. ಅವರ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ, ನನ್ನ ಅಂಗೈಯಿಂದ ಅವರ ಒಳ್ಳೆಯ ಕಣ್ಣನ್ನು ಗಟ್ಟಿಯಾಗಿ ಮುಚ್ಚಿದೆ.

"ಏನ್ ಕಾಣ್ತದೆ?"

ಅತ್ತೆ ಮುಖವನ್ನು ಇನ್ನಷ್ಟು ಮೇಲೆತ್ತಿದರು.

"ಹೇಳಿ ಅತ್ತೆ. ಕತ್ಲೆಯಾ?"

"ಇಲ್ಲ" ಅಂದರು. "ಕೆಂಪಗದೆ."

ಡಾಕ್ಟರ ಫೈಲನ್ನು ಬಿಸಿಲಿಗೆ ಅಡ್ಡ ಹಿಡಿದೆ. "ಈಗ?"

"ಓಯ್ತು."

ಫೈಲು ತೆಗೆದೆ. "ಈಗ?"

"ಬಂತು. ಕೆಂಪಗೆ."

"ಗುಣಿಗೆ ಕಾಣ್ತದಾ ಕೆಂಪು? ಹತ್ತಿಗೆ ಕಾಣ್ತದಾ?"

"ಇನ್ನೊಂದ್ಸಲ ಅಡ್ಡ ಮಡಗಿ" ಅಂದರು. ನನಗೆ ಯಾವತ್ತೂ ಇಲ್ಲದ ಬಹುವಚನ. ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಮಾರುಕಟ್ಟೆಯಿಂದ ಬಂದು ಖಾಲಿ ಕುಕ್ಕೆಗಳ ಜತೆ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಬಿಡಿ. ಬಿಸಿಲು ಕಟ್ಟಡದ ಹಿಂದೆ ಇಳಿಯುವ ತನಕ ಅತ್ತೆಸೊಸೆ ಅದೇ ಆಟ ಆಡಿದೆವು. ಆಮೇಲೆ ಮುಂದಿನ ಬಸ್ಸು ಹಿಡಿದೆವು. ಅತ್ತೆ ನನ್ನ ಭುಜಕ್ಕೊರಗಿ ತೆರಕಣಾಂಬಿ ದಾಟುವ ಮೊದಲೇ ನಿದ್ದೆ ಹೋದರು.

ಮನೆಯಲ್ಲಿ ನಮ್ಮವರು ಜಾಮೂನಿನ ಪೊಟ್ಟಣ ಹಿಡಿದುಕೊಂಡು ಕಾಯುತ್ತಿದ್ದರು. "ಅವ್ವಂಗೆ ಎಲ್ಲ ಹೇಳ್ದೆ" ಅಂದೆ. ಅವರ ಮುಖ ಕೆಂಪಾಯಿತು, ನಿನ್ನ ಬಾಯಿಗಿಷ್ಟು ಅಂತ ಶುರುಮಾಡಿದರು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಪೊಟ್ಟಣ ತೆಗೆದುಕೊಂಡು ನನ್ನ ಕೈಗಿಟ್ಟರು. "ಸಾಕು ಬುಡ್ಲಾ. ಕ್ಯಾನ್ಸರು ಓಯ್ತಂತೆ, ಇನ್ ಸಕ್ರೆ ಕಾಯ್ಲೆ ಬರುಸ್ಬ್ಯಾಡ" ಅಂದರು. ನಮ್ಮವರು ಗೋಡೆಗೊರಗಿ ಕೂತವರು ಎದ್ದೇಳಲಿಲ್ಲ. ಇಷ್ಟು ದಿನದ ನಗು ಒಂದೇ ಸಲ ಇಳಿದುಹೋಗಿ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅತ್ತೆ ಪಕ್ಕದಲ್ಲಿ ಕೂತು ಮಗನ ತಲೆ ಸವರಿದರು. ನಾನು ಜಾಮೂನು ತಿಂದೆ. ಹಸಿವಾಗಿತ್ತು.

ಅವತ್ತಿನಿಂದ ಗೆಜ್ಜೆಯ ಸದ್ದು ಕಡಿಮೆಯಾಯಿತು. ಪೂಜೆ ಹೊತ್ತಿನಲ್ಲಿ ಆಗೀಗ ಕೈ ಏಳುತ್ತಿತ್ತು, ಅರ್ಧಕ್ಕೆ ನಿಂತು ಎದೆಗೆ ಇಳಿಯುತ್ತಿತ್ತು. ಬೆಳಗ್ಗೆ ಎದ್ದವರು ಮೂಡಲ ಬಾಗಿಲಿಗೆ ಹೋಗಿ ಒಳ್ಳೆಯ ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ಮುಖ ಒಡ್ಡಿ ನಿಲ್ಲುತ್ತಿದ್ದರು. "ಬಂದದೆ" ಅಂತ ನನಗೆ ಕೇಳುವ ಹಾಗೆ ಹೇಳಿ ಒಳಗೆ ಬರುತ್ತಿದ್ದರು.

ಎರಡನೇ ಆಪರೇಷನ್ ಸಣ್ಣದು. ಅಂಟಿಕೊಂಡಿದ್ದ ರೆಪ್ಪೆಯನ್ನು ನಡುವೆ ಕತ್ತರಿಸಿ ಕಣ್ಣು ತೆರೆದರು. ಕೆಲವು ದಿನ ಬಿಟ್ಟು ತೋರಿಸಲು ಹೋದಾಗ ಡಾಕ್ಟರು ಅಕ್ಷರದ ಬೋರ್ಡು ತೋರಿಸಿ, ದೀಪ ಹಾಕಿ, ಎಲ್ಲ ನೋಡಿ, ಚೆನ್ನಾಗಿದೆ ಅಂದರು. ಹೊಸ ರೆಪ್ಪೆ ಸ್ವಲ್ಪ ದಪ್ಪ, ಕೂದಲಿಲ್ಲ, ಮುಚ್ಚುವಾಗ ಇನ್ನೊಂದಕ್ಕಿಂತ ಒಂದು ಗಳಿಗೆ ಹಿಂದೆ. ಆದರೆ ಮುಚ್ಚುತ್ತದೆ, ತೆರೆಯುತ್ತದೆ. ನನ್ನೊಬ್ಬಳನ್ನೇ ಒಳಗೆ ಕರೆದು ಹನಿ ಹಾಕುವುದು ಹೇಗೆ ಅಂತ ಹೇಳಿಕೊಟ್ಟು, ಪ್ರತಿ ಮೂರು ತಿಂಗಳಿಗೆ ಬಂದು ತೋರಿಸಬೇಕು ಅಂದು ಕಳಿಸಿದರು.

ಮನೆಗೆ ಬಂದ ಮೇಲೆ ಅತ್ತೆಯನ್ನು ಪಡಸಾಲೆಯ ಕುರ್ಚಿಯಲ್ಲಿ ಕೂರಿಸಿದೆ. ಎರಡೂ ಕಣ್ಣು ಬಿಟ್ಟುಕೊಂಡು ನನ್ನ ಮೆಷಿನ್ನು, ಗೋಡೆ, ಬಾಗಿಲ ತೋರಣ ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದರು. ನೋಡಿ ನನಗೆ ಏನೋ ಆಯಿತು. ಇಷ್ಟು ದಿನ ಬೈದದ್ದೆಲ್ಲ ಒಟ್ಟಿಗೆ ನೆನಪಾಯಿತು. ಕಾಫಿ ಮಾಡಿ ತಂದು, ಪಕ್ಕದಲ್ಲಿ ಮಂಡಿಯೂರಿ ಕೂತು, ಅವರ ಮುಂಗೂದಲನ್ನು ಹಿಂದಕ್ಕೆ ಸರಿಸಿ, ನನಗೇ ಗುರುತು ಸಿಗದಂಥ ದನಿಯಲ್ಲಿ, "ಸುಸ್ತಾಗಿದ್ದೀರಿ ಅತ್ತೆ, ಮೆತ್ತಗೆ ಕುಡೀರಿ. ನಿಮ್ಗೇನು ಬೇಕೋ ಹೇಳಿ, ಮಾಡಿಕೊಡ್ತೀನಿ" ಅಂದೆ. ಅಂದು ನಕ್ಕೆ.

ಅತ್ತೆಯ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಲೋಟ ವಾಲಿ ಕಾಫಿ ಸೀರೆಯ ಮೇಲೆ ಚೆಲ್ಲಿತು. ಲೋಟವನ್ನು ನೆಲಕ್ಕಿಟ್ಟು, ಆ ಎರಡೂ ಕಣ್ಣುಗಳಿಂದ ನನ್ನನ್ನು ನೋಡಿದರು.

"ನಾಗಲಕ್ಷ್ಮಿ" ಅಂದರು. "ಡಾಕ್ಟ್ರಮ್ಮ ನಿನ್ನ ಒಳೀಕೆ ಕರ್ದು ಏನಂದ್ರು?"

ನಾನು ನಕ್ಕಿದ್ದು ಆಗ ನೆನಪಾಯಿತು. ಅಷ್ಟರಲ್ಲಿ ಅವರ ಬಲಗೈ ಮಡಿಲಿನಿಂದ ಎದ್ದು ಕಣ್ಣಿನ ಕಡೆ ಹೊರಟಿತ್ತು. ಗೆಜ್ಜೆ ಝಲ್ ಅಂದಿತು.

"ಏನಂದ್ರಾ?" ಅಂತ ಎದ್ದು ನಿಂತು ಸೊಂಟಕ್ಕೆ ಕೈ ಇಟ್ಟುಕೊಂಡೆ. "ಈ ಹೆಂಗಸಿಗೆ ಕೈ ಕಟ್ಟಿಹಾಕಿ ಅಂದ್ರು. ಇಳ್ಸಿ ಮೊದ್ಲು ಆ ಕೈನ. ಎರಡು ತಿಂಗ್ಳು ನನ್ ಪ್ರಾಣ ತಿಂದಿದ್ದು ಸಾಲ್ದಾ? ಹೊಸ ರೆಪ್ಪೆ ಬಂದು ಇನ್ನೂ ವಾರ ಆಗಿಲ್ಲ, ಆಗ್ಲೇ ಉಜ್ಜಕ್ಕೆ ಹೊಂಟ್ರು. ಮೂರು ತಿಂಗ್ಳಿಗೊಂದ್ಸಲ ಬಂದು ತೋರ್ಸಿ ಅಂದವ್ರೆ, ಅಷ್ಟೇ. ನಿಮ್ಮನ್ನ ಕಟ್ಕೊಂಡು ಆ ಬಸ್ಸಲ್ಲಿ ಮತ್ತೆ ನೂಕಿಸ್ಕೋಬೇಕು ನಾನು. ಒಗ್ದು ಹಾಕಿದ್ ಸೀರೆ ಮೇಲೆ ಕಾಫಿ ಬೇರೆ ಚೆಲ್ಕೊಂಡ್ರು, ನೋಡಿ."

ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಬೈಯುತ್ತಲೇ ಇದ್ದೆ.

ಅತ್ತೆಯ ಕೈ ಮಡಿಲಿಗೆ ಇಳಿಯಿತು. ಮುಖಕ್ಕೆ ಬಣ್ಣ ಬಂತು. ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದು, ಕುರ್ಚಿಗೆ ಆರಾಮಾಗಿ ಒರಗಿಕೊಂಡರು.

"ಸಕ್ರೆ ಕಮ್ಮಿ ಆಗದೆ" ಅಂದರು.